ಮೆಕಿಯಾವೆಲ್ಲಿಯ ‘ವಿರ್ತೂ’ ಇಂಗ್ಲಿಷಿನಲ್ಲಿ: ‘ದಿ ಪ್ರಿನ್ಸ್’ನ ಯಾವ ಅನುವಾದ ಕೊಳ್ಳಬೇಕು?

ದಾವಣಗೆರೆಯಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿರುವವರಾಗಲಿ, ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಅದೇ ವಿಷಯವನ್ನು ಐಚ್ಛಿಕವಾಗಿ ಆರಿಸಿಕೊಂಡು ಹಗಲಿರುಳು ತಯಾರಿ ನಡೆಸಿರುವವರಾಗಲಿ, ಪ್ಲೇಟೊ ಮತ್ತು ಅರಿಸ್ಟಾಟಲರನ್ನು ದಾಟುತ್ತಿದ್ದಂತೆಯೇ ಮೆಕಿಯಾವೆಲ್ಲಿಯನ್ನು ಎದುರುಗೊಳ್ಳುತ್ತಾರೆ. ಪಠ್ಯಕ್ರಮದಲ್ಲಿ ಅವನದು ಬರಿಯ ಒಂದು ಹೆಸರು, ಗೈಡುಗಳಲ್ಲಿ ಕೆಲವು ಪುಟಗಳ ಟಿಪ್ಪಣಿ. ಆದರೆ ಅವನ ‘ದಿ ಪ್ರಿನ್ಸ್’ ಹೆದರಿಸುವಷ್ಟು ದೊಡ್ಡ ಪುಸ್ತಕವೇನಲ್ಲ. ಇಪ್ಪತ್ತಾರು ಚಿಕ್ಕ ಅಧ್ಯಾಯಗಳಿರುವ ಈ ಕೃತಿಯನ್ನು ಬಿಡುವು ಮಾಡಿಕೊಂಡು ಕುಳಿತರೆ ಒಂದು ವಾರದೊಳಗೆ ಮುಗಿಸಬಹುದು. ಆದ್ದರಿಂದ ಗೈಡನ್ನು ಪಕ್ಕಕ್ಕಿಟ್ಟು ಪುಸ್ತಕವನ್ನೇ ಓದಿರೆಂದು ವಿದ್ಯಾರ್ಥಿಗಳಿಗೆ ನಾನು ಹೇಳುತ್ತಲೇ ಬಂದಿದ್ದೇನೆ. ಹಾಗೆ ಹೇಳಿದಾಗಲೆಲ್ಲ ಮರುಪ್ರಶ್ನೆ ಬರುತ್ತದೆ: ‘ಸರ್, ಯಾರ ಅನುವಾದ ತಗೊಳ್ಳೋಣ?’ ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರಿಸಿದರೆ ಸಾಲದು ಎಂಬ ಕಾರಣಕ್ಕೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೂಲ ಕೃತಿ ಇಟಾಲಿಯನ್ ಭಾಷೆಯದು. 1513ರಲ್ಲಿ ಬರೆದದ್ದು, ಲೇಖಕ ತೀರಿಕೊಂಡ ಐದು ವರ್ಷಗಳ ಮೇಲೆ 1532ರಲ್ಲಿ ಅಚ್ಚಾದದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಹತ್ತಾರು ಅನುವಾದಗಳಿದ್ದು, ಅಂಗಡಿಯ ಕಪಾಟಿನಲ್ಲಿ ಅವೆಲ್ಲ ಒಂದೇ ಪುಸ್ತಕದಂತೆ ಕಾಣುತ್ತವೆ. ಆದರೆ ‘ವಿರ್ತೂ’ ಎಂಬ ಒಂದು ಪದವನ್ನು ಆಯಾ ಅನುವಾದಕರು ಹೇಗೆ ನಡೆಸಿಕೊಂಡಿದ್ದಾರೆ ಎಂದು ಹಿಡಿದು ನೋಡಿದರೆ ಅವುಗಳ ನಡುವಿನ ಅಂತರ ಚೆನ್ನಾಗಿ ತಿಳಿಯುತ್ತದೆ. ಮೆಕಿಯಾವೆಲ್ಲಿಯ ವಿಚಾರವೆಲ್ಲ ಈ ಪದದ ಸುತ್ತಲೇ ನಿಂತಿರುವುದರಿಂದ ಅದನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಂಡಿದ್ದೇನೆ. ಇಲ್ಲಿ ಪರಿಶೀಲಿಸಿರುವುದು ನಾಲ್ಕು ಅನುವಾದಗಳನ್ನು: ಡಬ್ಲ್ಯು.ಕೆ. ಮ್ಯಾರಿಯಟ್ ಅವರದು (1908), ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಗೆ ಜಾರ್ಜ್ ಬುಲ್ ಮಾಡಿದ್ದು (1961), ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದ ಹಾರ್ವೆ ಮ್ಯಾನ್ಸ್‌ಫೀಲ್ಡ್ ಅವರದು (1985), ಮತ್ತು ಕ್ವೆಂಟಿನ್ ಸ್ಕಿನ್ನರ್ ಹಾಗೂ ರಸೆಲ್ ಪ್ರೈಸ್ ಸೇರಿ ಸಂಪಾದಿಸಿದ ಕೇಂಬ್ರಿಜ್ ಆವೃತ್ತಿ (1988).

ಮೊದಲು ಪದದ ವಿಚಾರ. ವಿರ್ತೂ ಬಂದಿರುವುದು ಲ್ಯಾಟಿನ್ನಿನ ‘ವಿರ್ತುಸ್’ನಿಂದ, ವಿರ್ತುಸ್ ಬಂದಿರುವುದು ಗಂಡಸು ಎಂಬರ್ಥದ ‘ವಿರ್’ನಿಂದ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸಿಸೆರೊ ತನ್ನ ಟಸ್ಕುಲನ್ ಸಂವಾದಗಳಲ್ಲಿ ಈ ವ್ಯುತ್ಪತ್ತಿಯನ್ನು ಎತ್ತಿ ಹೇಳಿ, ಗಂಡಸಿಗೆ ವಿಶೇಷವಾಗಿ ಸಲ್ಲುವ ಗುಣ ಧೈರ್ಯವೆಂದೂ, ಸಾವನ್ನೂ ನೋವನ್ನೂ ಲೆಕ್ಕಿಸದಿರುವುದೇ ಆ ಧೈರ್ಯದ ಎರಡು ಮುಖ್ಯ ಕೆಲಸಗಳೆಂದೂ ವಿವರಿಸುತ್ತಾನೆ. ರೋಮನ್ನರು ಗ್ರೀಕರ ತತ್ತ್ವಶಾಸ್ತ್ರವನ್ನು ತಮ್ಮ ನುಡಿಗೆ ತಂದುಕೊಂಡಾಗ ‘ಅರೆತೆ’ ಎಂಬ ಗ್ರೀಕ್ ಪದಕ್ಕೂ ವಿರ್ತುಸ್ ಎಂದೇ ಹೇಳಿದರು. ಅರೆತೆ ಎಂದರೆ ಯಾವುದೇ ವಸ್ತು ತನ್ನ ಕೆಲಸವನ್ನು ಚೆನ್ನಾಗಿ ಮಾಡುವಂತೆ ಮಾಡುವ ಉತ್ಕೃಷ್ಟತೆ. ಪ್ಲೇಟೊವಿನ ‘ರಿಪಬ್ಲಿಕ್’ನ ಮೊದಲ ಭಾಗದಲ್ಲಿ ಕುದುರೆಗೂ ಕಣ್ಣಿಗೂ ಕಿವಿಗೂ ಅರೆತೆಯುಂಟು. ಮುಂದೆ ಕ್ರೈಸ್ತ ಧರ್ಮದ ಚಿಂತಕರು ಅದೇ ಲ್ಯಾಟಿನ್ ಪದದಲ್ಲಿ ನಂಬಿಕೆ, ಭರವಸೆ, ಪ್ರೀತಿ ಎಂಬ ಸದ್ಗುಣಗಳನ್ನು ಇಟ್ಟರು. ಹೀಗೆ ಮೆಕಿಯಾವೆಲ್ಲಿಯ ಕೈಸೇರುವ ಹೊತ್ತಿಗೆ ಆ ಪದದಲ್ಲಿ ಸಿಪಾಯಿಯ ಕೆಚ್ಚು, ವಸ್ತುವಿನ ಸಾಮರ್ಥ್ಯ, ಸಜ್ಜನನ ಶೀಲ ಮೂರೂ ಒಟ್ಟಿಗೇ ನೆಲೆಸಿದ್ದವು. ಅವನೇನೂ ಇದನ್ನು ಅರಿಯದೆ ಬಳಸಿದವನಲ್ಲ. ರೋಮಿನ ಇತಿಹಾಸಕಾರ ಲಿವಿಯ ಗ್ರಂಥಕ್ಕೆ ಅವನ ತಂದೆ ಬೆರ್ನಾರ್ದೊ ಸ್ಥಳನಾಮಗಳ ಸೂಚಿಯನ್ನು ಸಿದ್ಧಪಡಿಸಿಕೊಟ್ಟು, ಆ ಶ್ರಮಕ್ಕೆ ಪ್ರತಿಯಾಗಿ ಗ್ರಂಥವನ್ನೇ ಪಡೆದುಕೊಂಡಿದ್ದರು. ಅಂಥ ಮನೆಯಲ್ಲಿ ಬೆಳೆದವನಿಗೆ ಲ್ಯಾಟಿನ್ನಿನ ಹಳೆಯ ಅರ್ಥ ಮನೆಮಾತಿನಷ್ಟೇ ಹತ್ತಿರದ್ದು.

‘ದಿ ಪ್ರಿನ್ಸ್’ ಒಂದರಲ್ಲಿಯೇ ಈ ಪದ ಎಷ್ಟು ಬಗೆಯಾಗಿ ಬರುತ್ತದೆ ನೋಡಿ. ಆರನೆಯ ಅಧ್ಯಾಯದಲ್ಲಿ ಮೋಸೆಸ್, ಸೈರಸ್, ರೋಮ್ಯುಲಸ್, ಥೀಸಿಯಸ್ ಇವರು ಅದೃಷ್ಟದ ಬಲದಿಂದ ಆಗದೆ ತಮ್ಮ ವಿರ್ತೂವಿನಿಂದ ಅರಸರಾದವರು. ಅದೇ ಅಧ್ಯಾಯದ ಆರಂಭದಲ್ಲಿ ಜಾಣ ಬಿಲ್ಲುಗಾರರು ಬರುತ್ತಾರೆ. ಗುರಿ ದೂರವಿದ್ದಾಗ ತಮ್ಮ ಬಿಲ್ಲಿನ ವಿರ್ತೂ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಬಲ್ಲ ಅವರು ಗುರಿಗಿಂತ ಮೇಲಕ್ಕೆ ಬಾಣ ಹೂಡುತ್ತಾರೆ. ಇಲ್ಲಿ ಮರದ ಬಿಲ್ಲಿಗೂ ವಿರ್ತೂ ಇದೆ! ಹದಿನೈದನೆಯ ಅಧ್ಯಾಯದ ಕೊನೆಯಲ್ಲಿ, ವಿರ್ತೂವಿನಂತೆ ಕಾಣುವ ಯಾವುದೋ ಒಂದನ್ನು ಅನುಸರಿಸಿದರೆ ಅರಸ ಹಾಳಾಗುತ್ತಾನೆ, ದುರ್ಗುಣದಂತೆ ಕಾಣುವ ಇನ್ನೊಂದನ್ನು ಅನುಸರಿಸಿದರೆ ಉಳಿಯುತ್ತಾನೆ ಎನ್ನುವಾಗ ಅದು ನೇರವಾಗಿ ನೀತಿವಂತರು ಹೇಳುವ ಸದ್ಗುಣ. ಇಪ್ಪತ್ತೈದರಲ್ಲಿ ಅದೃಷ್ಟವು ಉಕ್ಕಿ ಹರಿಯುವ ಹೊಳೆಯಾದರೆ, ಅದನ್ನು ತಡೆಯಲು ಮುಂಚಿತವಾಗಿ ಕಟ್ಟಿಕೊಂಡ ಒಡ್ಡು ವಿರ್ತೂ. ಇಪ್ಪತ್ತಾರರ ಕಟ್ಟಕಡೆಗೆ ಕವಿ ಪೆಟ್ರಾರ್ಕನ ಸಾಲುಗಳಲ್ಲಿ ಅದೇ ವಿರ್ತೂ ರೊಚ್ಚಿನ ವಿರುದ್ಧ ಆಯುಧ ಹಿಡಿಯುತ್ತದೆ.

ಇಷ್ಟೆಲ್ಲ ಅರ್ಥಗಳನ್ನು ಒಂದೇ ಪದ ಹೊತ್ತಿರುವಾಗ ಇಂಗ್ಲಿಷ್ ಅನುವಾದಕನ ಮುಂದೆ ಎರಡು ದಾರಿಗಳಿರುತ್ತವೆ. ಸಂದರ್ಭ ನೋಡಿ ಬೇರೆ ಬೇರೆ ಪದ ಹಾಕುವುದು ಒಂದು ದಾರಿ. ಓದುಗ ಎಡವಿದರೂ ಚಿಂತೆಯಿಲ್ಲ ಎಂದು ‘ವರ್ಚ್ಯೂ’ ಎಂಬ ಒಂದೇ ಪದಕ್ಕೆ ಅಂಟಿಕೊಳ್ಳುವುದು ಇನ್ನೊಂದು. ಮೊದಲಿನ ದಾರಿಯಲ್ಲಿ ಓದು ಸರಾಗ, ಎರಡನೆಯದರಲ್ಲಿ ಓದು ಕಠಿಣ. ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಈ ಪುಸ್ತಕದ ಮಟ್ಟಿಗೆ ಎರಡನೆಯ ದಾರಿಯೇ ಸರಿ, ಏಕೆಂದರೆ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿ, ಪ್ರತಿ ಸಲವೂ ಅದನ್ನು ಸ್ವಲ್ಪ ಸ್ವಲ್ಪವಾಗಿ ಜರುಗಿಸುವುದರಲ್ಲಿಯೇ ಮೆಕಿಯಾವೆಲ್ಲಿಯ ವಾದವಿದೆ. ಆ ಪುನರುಕ್ತಿಯನ್ನು ಅಳಿಸಿದ ಅನುವಾದದಲ್ಲಿ ವಾದವೂ ಅಳಿಸಿಹೋಗುತ್ತದೆ.

ಇದನ್ನು ತೋರಿಸಿಕೊಡಲು ಎಂಟನೆಯ ಅಧ್ಯಾಯ ಸಾಕು. ಅಲ್ಲಿ ಸಿಸಿಲಿಯ ಅಗಾಥೊಕ್ಲಿಸನ ಕಥೆ ಬರುತ್ತದೆ. ಕುಂಬಾರನ ಮಗನಾಗಿ ಹುಟ್ಟಿ, ಸೈನ್ಯ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಒಂದು ಬೆಳಿಗ್ಗೆ ಸಿರಕ್ಯೂಸ್ ನಗರದ ಜನರನ್ನೂ ಹಿರಿಯರ ಸಭೆಯನ್ನೂ ರಾಜ್ಯದ ಕೆಲಸವೆಂಬ ನೆಪದಲ್ಲಿ ಸೇರಿಸಿ, ಸನ್ನೆ ಮಾಡಿ, ಸಭಾಸದರನ್ನೂ ಶ್ರೀಮಂತರನ್ನೂ ಸಿಪಾಯಿಗಳಿಂದ ಕೊಲ್ಲಿಸಿದವನು ಅವನು. ನಂತರ ಕಾರ್ಥೇಜಿನವರು ನಗರಕ್ಕೆ ಮುತ್ತಿಗೆ ಹಾಕಿದಾಗ, ಸೈನ್ಯದ ಒಂದು ಭಾಗವನ್ನು ನಗರದ ರಕ್ಷಣೆಗೆ ಬಿಟ್ಟು, ಉಳಿದವರೊಡನೆ ಆಫ್ರಿಕಕ್ಕೇ ಹೋಗಿ ಶತ್ರುವಿನ ನೆಲದಲ್ಲಿ ದಾಳಿ ಮಾಡಿದ. ಈ ಮನುಷ್ಯನಿಗೆ ವಿರ್ತೂ ಇತ್ತೇ? ಮೆಕಿಯಾವೆಲ್ಲಿ ಮೊದಲು, ಅವನು ತನ್ನ ದುಷ್ಕೃತ್ಯಗಳ ಜೊತೆಗೆ ಮನಸ್ಸಿನ ಮತ್ತು ದೇಹದ ಅಪಾರ ವಿರ್ತೂವನ್ನೂ ಉಳಿಸಿಕೊಂಡಿದ್ದ ಎನ್ನುತ್ತಾನೆ. ತುಸು ಮುಂದೆ, ತನ್ನ ನಾಗರಿಕರನ್ನು ಕೊಲ್ಲುವುದನ್ನು, ಗೆಳೆಯರಿಗೆ ದ್ರೋಹ ಬಗೆಯುವುದನ್ನು, ನಂಬಿಕೆ, ಕರುಣೆ, ಧರ್ಮಗಳಿಲ್ಲದಿರುವುದನ್ನು ವಿರ್ತೂ ಎಂದು ಕರೆಯಲಾಗದು ಎನ್ನುತ್ತಾನೆ. ಅದರ ಮರುವಾಕ್ಯದಲ್ಲಿಯೇ, ಅಪಾಯಗಳೊಳಕ್ಕೆ ನುಗ್ಗಿ ಹೊರಬರುವುದರಲ್ಲಿ ಅಗಾಥೊಕ್ಲಿಸನ ವಿರ್ತೂವನ್ನು ನೋಡಿದರೆ ಅವನು ಯಾವ ಶ್ರೇಷ್ಠ ಸೇನಾಪತಿಗೂ ಕಡಿಮೆಯಲ್ಲ ಎನ್ನುತ್ತಾನೆ. ಕೊನೆಗೆ, ಅದೃಷ್ಟವಾಗಲಿ ವಿರ್ತೂವಾಗಲಿ ಇಲ್ಲದೆಯೇ ಅವನು ಗಳಿಸಿದ್ದನ್ನು ಅವುಗಳಿಗೆ ಸಲ್ಲಿಸಲಾಗದು ಎಂದು ಮುಗಿಸುತ್ತಾನೆ.

ಇತ್ತು, ಕರೆಯಲಾಗದು, ಇತ್ತು, ಇಲ್ಲ. ಓದುಗನನ್ನು ಬೆಚ್ಚಿಬೀಳಿಸುವ ಈ ಹಿಂದುಮುಂದಿನ ಚಲನೆ ಆಕಸ್ಮಿಕವಲ್ಲ. ಹಳೆಯ ರೋಮಿನ ವಿರ್ತುಸ್ ಮತ್ತು ಕ್ರೈಸ್ತರ ಸದ್ಗುಣ ಇವೆರಡನ್ನೂ ಒಂದೇ ಪದದಲ್ಲಿ ಎದುರುಬದುರಾಗಿ ನಿಲ್ಲಿಸಿ, ಅವುಗಳಲ್ಲಿ ಯಾವುದನ್ನು ಹಿಡಿದು ಅರಸನನ್ನು ಅಳೆಯುತ್ತೀಯೆ ಎಂದು ಮೆಕಿಯಾವೆಲ್ಲಿ ಕೇಳುತ್ತಿದ್ದಾನೆ. ಅವನ ಕುರಿತು ವಿದ್ವಾಂಸರು ಇಂದಿಗೂ ಜಗಳವಾಡುವುದು ಇಂಥ ಕಡೆಗಳಲ್ಲಿಯೇ.

ಈಗ ಮ್ಯಾರಿಯಟ್ ಅವರ ಅನುವಾದವನ್ನು ತೆರೆದು ಇದೇ ಭಾಗವನ್ನು ಓದಬೇಕು. ಮೊದಲನೆಯ ವಿರ್ತೂ ‘ಎಬಿಲಿಟಿ’ ಆಗಿದೆ. ಎರಡನೆಯದು ‘ಟ್ಯಾಲೆಂಟ್’. ಮೂರನೆಯದು ‘ಕರೇಜ್’. ನಾಲ್ಕನೆಯದು ‘ಜೀನಿಯಸ್’. ನಾಲ್ಕು ಸ್ಥಾನಗಳಲ್ಲಿ ನಾಲ್ಕು ಪದ! ಇದನ್ನು ಮಾತ್ರ ಓದಿದವನಿಗೆ ಅಲ್ಲೊಂದು ವಿರೋಧಾಭಾಸವಿದೆ ಎಂಬ ಸುಳಿವೇ ಸಿಗುವುದಿಲ್ಲ. ನಾಗರಿಕರನ್ನು ಕೊಲ್ಲುವುದು ಟ್ಯಾಲೆಂಟ್ ಅಲ್ಲ, ಆದರೆ ಆಸಾಮಿಗೆ ಕರೇಜ್ ಇತ್ತು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅದು ತೀರ ಸಾಧಾರಣವಾದ ಮಾತು. ಇನ್ನು ಹೊಳೆಯ ಒಡ್ಡಿನ ಪ್ರಸಂಗದಲ್ಲಿ ಮ್ಯಾರಿಯಟ್ ‘ವ್ಯಾಲರ್’ ಎನ್ನುತ್ತಾರೆ, ಬಿಲ್ಲಿಗೆ ‘ಸ್ಟ್ರೆಂತ್’ ಎನ್ನುತ್ತಾರೆ, ಹದಿನೈದನೆಯ ಅಧ್ಯಾಯದಲ್ಲಿ ಮಾತ್ರ ‘ವರ್ಚ್ಯೂ’ ಎನ್ನುತ್ತಾರೆ. ಸದ್ಗುಣದಂತೆ ಕಾಣುವುದು ಅರಸನನ್ನು ಹಾಳುಮಾಡಬಲ್ಲದು ಎಂಬ ಆ ಕಟುವಾದ ಮಾತಿಗೂ, ಮೋಸೆಸನನ್ನು ಅರಸನನ್ನಾಗಿ ಮಾಡಿದ ಶಕ್ತಿಗೂ ಮೂಲದಲ್ಲಿ ಹೆಸರು ಒಂದೇ ಎಂಬುದು ಇಂಗ್ಲಿಷ್ ಓದುಗನಿಗೆ ತಿಳಿಯುವ ದಾರಿಯೇ ಇಲ್ಲ.

ಹಾಗೆಂದು ಮ್ಯಾರಿಯಟ್ ಅವರನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅವರ ಮುಂದೆ ಇದ್ದ ತೊಡಕು ಇಂಗ್ಲಿಷ್ ಭಾಷೆಯದೇ ತೊಡಕು. ‘ವರ್ಚ್ಯೂ’ ಎಂಬ ಇಂಗ್ಲಿಷ್ ಪದವೂ ವಿರ್ತುಸ್‌ನ ಸಂತಾನವೇ. ಒಂದು ಕಾಲಕ್ಕೆ ಅದರಲ್ಲಿಯೂ ಶಕ್ತಿ ಎಂಬ ಅರ್ಥ ಜೀವಂತವಾಗಿತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ರೋಗಿಷ್ಠ ಹೆಂಗಸೊಬ್ಬಳು ಜನಜಂಗುಳಿಯ ನಡುವೆ ಯೇಸುವಿನ ಬಟ್ಟೆಯನ್ನು ಮುಟ್ಟಿದಾಗ ತನ್ನಿಂದ ‘ವರ್ಚ್ಯೂ’ ಹೊರಟುಹೋದದ್ದನ್ನು ಅವನು ಅರಿತುಕೊಂಡ ಎಂದು ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ವರ್ಚ್ಯೂ ಎಂದರೆ ಗುಣಪಡಿಸುವ ಶಕ್ತಿ. 1640ರಲ್ಲಿ ‘ದಿ ಪ್ರಿನ್ಸ್’ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಅಚ್ಚಾದಾಗ ಅನುವಾದಕ ಎಡ್ವರ್ಡ್ ಡೇಕ್ರಸ್ ಪೆಟ್ರಾರ್ಕನ ಸಾಲಿನ ವಿರ್ತೂವನ್ನು ಯಾವ ಅಳುಕೂ ಇಲ್ಲದೆ ‘ವರ್ಚ್ಯೂ’ ಎಂದೇ ಮಾಡಿದ್ದಾನೆ. ರೊಚ್ಚಿನ ವಿರುದ್ಧ ಹೋರಾಟಕ್ಕೆ ಅದು ಮುನ್ನುಗ್ಗುತ್ತದೆ. ಇಪ್ಪತ್ತನೆಯ ಶತಮಾನಕ್ಕೆ ಬರುವಷ್ಟರಲ್ಲಿ ಆ ಪದ ಸೊರಗಿತ್ತು. ಇಂಗ್ಲಿಷ್ ಓದುಗನಿಗೆ ವರ್ಚ್ಯೂ ಎಂದರೆ ಸಭ್ಯತೆ, ಸಚ್ಚಾರಿತ್ರ್ಯ. ಹೆಂಗಸಿನ ವಿಷಯದಲ್ಲಂತೂ ಶೀಲ. ಇಂಥ ಪದವನ್ನು ಅಗಾಥೊಕ್ಲಿಸನಿಗೆ ಹಚ್ಚಲು 1908ರ ಅನುವಾದಕ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ಮ್ಯಾರಿಯಟ್ ಅವರ ಗದ್ಯ ಗಂಭೀರವಾಗಿದೆ, ವಾಕ್ಯಗಳು ಉದ್ದವಾಗಿದ್ದರೂ ಹಿಡಿತ ತಪ್ಪುವುದಿಲ್ಲ. ಅಡಿಟಿಪ್ಪಣಿಗಳೂ ಉಪಯುಕ್ತ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಇಡೀ ಪುಸ್ತಕ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲಿ ಇಳಿಸಿಕೊಂಡು ತೋಳಹುಣಸೆಯ ಬಸ್ಸಿನಲ್ಲಿ ಓದುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿಯೇ ಇದ್ದಾರೆ, ಅದು ಸಂತೋಷದ ಸಂಗತಿ. ಕಥನದ ಓಟಕ್ಕಾಗಿ, ಇಟಲಿಯ ಸೇನಾನಾಯಕ ಚೆಸಾರೆ ಬೋರ್ಜಾನ ಕಥೆಯಿರುವ ಏಳನೆಯ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ ಮುಗಿಸುವುದಕ್ಕಾಗಿ ಇದು ಒಳ್ಳೆಯ ಅನುವಾದ.

ಆದರೆ ಇದೇ ಅನುವಾದದ ಅಗ್ಗದ ಮರುಮುದ್ರಣಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಯಲ್ಲಿ ವಿದ್ಯಾರ್ಥಿಯೊಬ್ಬ ಕೊಂಡು ತಂದ ಪ್ರತಿಯಲ್ಲಿ ಅನುವಾದಕನ ಹೆಸರು ಎಲ್ಲಿಯೂ ಇರಲಿಲ್ಲ, ಮೂಲ ಇಂಗ್ಲಿಷಿನಲ್ಲಿಯೇ ಬರೆದದ್ದೇನೋ ಎಂಬಂತೆ ಮುಖಪುಟದಲ್ಲಿ ಮೆಕಿಯಾವೆಲ್ಲಿಯ ಹೆಸರೊಂದೇ ಇತ್ತು. ಎಂಟನೆಯ ಅಧ್ಯಾಯದಲ್ಲಿ ‘ಟ್ಯಾಲೆಂಟ್’ ಎಂಬ ಪದ ಕಂಡ ಕೂಡಲೇ ಅದು ಮ್ಯಾರಿಯಟ್ ಅವರದೆಂದು ಗುರುತು ಸಿಕ್ಕಿತು. ಅಡಿಟಿಪ್ಪಣಿಗಳನ್ನೆಲ್ಲ ಕಿತ್ತುಹಾಕಿದ್ದರು. ಇದರ ಪರಿಣಾಮ ಕೊನೆಯ ಪುಟದಲ್ಲಿ ಎದ್ದು ಕಾಣುತ್ತದೆ: ಮ್ಯಾರಿಯಟ್ ಪೆಟ್ರಾರ್ಕನ ಸಾಲುಗಳನ್ನು ಇಟಾಲಿಯನ್ನಿನಲ್ಲಿಯೇ ಉಳಿಸಿ, ಡೇಕ್ರಸನ ಹಳೆಯ ಇಂಗ್ಲಿಷ್ ಅನುವಾದವನ್ನು ಟಿಪ್ಪಣಿಯಲ್ಲಿ ಕೊಟ್ಟಿದ್ದರು. ಟಿಪ್ಪಣಿ ಹೋದ ಮೇಲೆ ಪುಸ್ತಕ ಅರ್ಥವಾಗದ ನಾಲ್ಕು ಸಾಲುಗಳೊಂದಿಗೆ ಮುಗಿಯುತ್ತದೆ, ಮತ್ತು ವಿರ್ತೂ ಎಂಬ ಮೂಲಪದ ಓದುಗನ ಕಣ್ಣಿಗೆ ನೇರವಾಗಿ ಬೀಳುವ ಆ ಒಂದೇ ಜಾಗದಲ್ಲಿ ಅದು ಏನೆಂದು ಹೇಳುವವರು ಯಾರೂ ಇರುವುದಿಲ್ಲ. ಉಚಿತವಾಗಿ ಪೂರ್ಣರೂಪದಲ್ಲಿ ಸಿಗುವುದನ್ನು ಅರೆಬರೆಯಾಗಿ ಹಣ ಕೊಟ್ಟು ಕೊಳ್ಳಬೇಡಿ. ಯಾವುದೇ ಅನುವಾದಿತ ಪುಸ್ತಕದಲ್ಲಿ ಅನುವಾದಕನ ಹೆಸರಿಲ್ಲದಿದ್ದರೆ ಅದನ್ನು ಕಪಾಟಿಗೇ ಹಿಂತಿರುಗಿಸುವುದು ಒಳ್ಳೆಯದು.

ಜಾರ್ಜ್ ಬುಲ್ ಅವರ ಪೆಂಗ್ವಿನ್ ಅನುವಾದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಗ್ಲಿಷ್ ಚುರುಕಾಗಿದೆ, ಆಧುನಿಕವಾಗಿದೆ. ಮುಖ್ಯ ಸ್ಥಳಗಳಲ್ಲಿ ಅವರು ಆರಿಸಿಕೊಂಡ ಪದ ‘ಪ್ರೌಎಸ್’, ಅಂದರೆ ಪರಾಕ್ರಮಕ್ಕೆ ಹತ್ತಿರವಾದದ್ದು. ಯುದ್ಧಭೂಮಿಯ ವಾಸನೆಯುಳ್ಳ ಈ ಪದ ಆರನೆಯ ಅಧ್ಯಾಯಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದರಲ್ಲಿ ನೀತಿಯ ಸುಳಿವೇ ಇಲ್ಲ. ನಾಗರಿಕರನ್ನು ಕೊಲ್ಲುವುದು ಪರಾಕ್ರಮವಲ್ಲ ಎಂದಾಗ ಅದು ನಿರಾಯುಧರ ಮೇಲೆ ಕೈಮಾಡುವುದು ಶೂರರ ಲಕ್ಷಣವಲ್ಲ ಎಂಬ ಸರಳವಾದ ಹೇಳಿಕೆಯಾಗಿಬಿಡುತ್ತದೆ. ಮೆಕಿಯಾವೆಲ್ಲಿ ಎತ್ತಿದ ಪ್ರಶ್ನೆ ಅದಕ್ಕಿಂತ ಆಳವಾದದ್ದು.

ಮ್ಯಾನ್ಸ್‌ಫೀಲ್ಡ್ ಅವರ ಅನುವಾದದಲ್ಲಿ ಆರನೆಯ ಅಧ್ಯಾಯದ ಶೀರ್ಷಿಕೆಯಲ್ಲಿಯೇ ‘ವರ್ಚ್ಯೂ’ ಇದೆ; ಅಗಾಥೊಕ್ಲಿಸನ ಕೊಲೆಗಳನ್ನು ವರ್ಚ್ಯೂ ಎನ್ನಲಾಗದು, ಆದರೆ ಅಗಾಥೊಕ್ಲಿಸನ ವರ್ಚ್ಯೂವನ್ನು ನೋಡಿದರೆ ಎಂದು ಎರಡು ವಾಕ್ಯಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ; ಹೊಳೆಗೆ ಅಡ್ಡವಾಗಿ ನಿಲ್ಲುವುದೂ ವರ್ಚ್ಯೂವೇ. ಇಂಗ್ಲಿಷ್ ಒರಟಾಗಿದೆ. ಕೆಲವು ವಾಕ್ಯಗಳನ್ನು ಎರಡೆರಡು ಸಲ ಓದಬೇಕಾಗುತ್ತದೆ. ಆದರೆ ಓದುಗ ತಡವರಿಸುವ ಜಾಗಗಳು ಬಹುಮಟ್ಟಿಗೆ ಮೂಲದ ಓದುಗನೂ ತಡವರಿಸಿದ ಜಾಗಗಳೇ. ಪುಸ್ತಕದ ಕೊನೆಯಲ್ಲಿ ಪದಕೋಶವಿರುವುದರಿಂದ ಒಂದು ಪದವನ್ನು ಹಿಡಿದು ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗಿ ನೋಡಬಹುದು. ತರಗತಿಯಲ್ಲಿ ನಾವು ಮಾಡಿದ್ದೂ ಅದನ್ನೇ. ಎಂಟನೆಯ ಅಧ್ಯಾಯದ ಆ ಭಾಗವನ್ನು ಮೊದಲು ಮ್ಯಾರಿಯಟ್ ಅವರಲ್ಲಿ ಓದಿಸಿದಾಗ ಯಾರೂ ಏನೂ ಕೇಳಲಿಲ್ಲ. ಮ್ಯಾನ್ಸ್‌ಫೀಲ್ಡ್ ಅವರಲ್ಲಿ ಓದಿಸಿದ ಕೂಡಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಸರ್, ಇಲ್ಲಿ ಇಲ್ಲ ಅಂದು ಮುಂದಿನ ಸಾಲಿನಲ್ಲೇ ಇದೆ ಅಂತಾನಲ್ಲ, ಮುದ್ರಣದೋಷವೇ?’ ಎಂದು ಕೇಳಿದಳು. ಅನುವಾದವೊಂದು ಓದುಗರಿಂದ ಇಂಥ ಪ್ರಶ್ನೆಯನ್ನು ಎಬ್ಬಿಸಿದರೆ ಅದು ತನ್ನ ಕೆಲಸ ಮಾಡಿದೆ ಎಂದೇ ನಾನು ಭಾವಿಸುತ್ತೇನೆ. ಅಂದಿನ ತರಗತಿ ಅಲ್ಲಿಂದ ಮುಂದೆ ಅರ್ಧ ಪುಟವೂ ಸಾಗಲಿಲ್ಲ.

ಅದೇ ಚರ್ಚೆಯಲ್ಲಿ ಚಿತ್ರದುರ್ಗದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಆಕ್ಷೇಪವನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಮ್ಯಾನ್ಸ್‌ಫೀಲ್ಡ್ ಅವರ ಆಯ್ಕೆಗೆ ನಾನು ಕೇಳಿರುವ ಅತ್ಯಂತ ಬಲವಾದ ಆಕ್ಷೇಪ ಅದು. ಕೋಟೆಯ ಕಿಂಡಿಯಲ್ಲಿ ತೆವಳಿ ಬರುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಒನಕೆಯಿಂದ ಹೊಡೆದ ಓಬವ್ವನಲ್ಲಿ ಇದ್ದದ್ದು ವಿರ್ತೂ ತಾನೇ ಎಂದು ಅವಳು ಕೇಳಿದಳು. ಹೌದು: ಒದಗಿದ ಸಂದರ್ಭವನ್ನು ತಕ್ಷಣ ಗುರುತಿಸಿದ್ದು, ಕೈಗೆ ಸಿಕ್ಕಿದ್ದನ್ನೇ ಆಯುಧ ಮಾಡಿಕೊಂಡದ್ದು, ಹಿಂದೆಗೆಯದಿದ್ದದ್ದು ಎಲ್ಲವೂ ಮೆಕಿಯಾವೆಲ್ಲಿ ಹೇಳುವ ಲಕ್ಷಣಗಳೇ. ಆದರೆ ಇಂಗ್ಲಿಷಿನಲ್ಲಿ ‘ಓಬವ್ವನ ವರ್ಚ್ಯೂ’ ಎಂದು ಬರೆದರೆ ಓದಿದವರು ಅವಳ ಶೀಲದ ಮಾತು ಎಂದುಕೊಳ್ಳುತ್ತಾರಲ್ಲ ಎಂಬುದು ಅವಳ ವಾದ. ಗಂಡಸು ಎಂಬ ಮೂಲದಿಂದ ಹುಟ್ಟಿದ ಪದ ಇಂಗ್ಲಿಷಿನಲ್ಲಿ ಹೆಂಗಸಿನ ಶೀಲಕ್ಕೆ ಬಂದು ತಂಗಿದೆ. ಅದನ್ನು ಮತ್ತೆ ಮೆಕಿಯಾವೆಲ್ಲಿಯ ಅರ್ಥಕ್ಕೆ ಎಳೆದು ತರಲು ಓದುಗ ಪುಸ್ತಕದ ಉದ್ದಕ್ಕೂ ತನ್ನ ಇಂಗ್ಲಿಷಿನೊಡನೆ ಗುದ್ದಾಡುತ್ತಿರಬೇಕು. ಮ್ಯಾನ್ಸ್‌ಫೀಲ್ಡ್ ಅವರ ಅನುವಾದ ಈ ಶ್ರಮವನ್ನು ಬೇಡುತ್ತದೆ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು.

ಕನ್ನಡದಲ್ಲಿ ಯೋಚಿಸುವವರಿಗೆ ಈ ಶ್ರಮದಲ್ಲಿ ಒಂದು ಅನುಕೂಲವಿದೆ. ಲ್ಯಾಟಿನ್ನಿನ ‘ವಿರ್’ ಮತ್ತು ಸಂಸ್ಕೃತದ ‘ವೀರ’ ಒಂದೇ ಮೂಲದ ಪದಗಳು. ವೀರದಿಂದ ಬಂದ ‘ವೀರ್ಯ’ಕ್ಕೆ ಶೌರ್ಯ ಎಂಬ ಅರ್ಥದ ಜೊತೆಗೆ, ಆಯುರ್ವೇದದಲ್ಲಿ ದ್ರವ್ಯದ ಒಳಗಿನ ಶಕ್ತಿ ಎಂಬ ಅರ್ಥವೂ ಇದೆ. ರಸ, ಗುಣ, ವೀರ್ಯ, ವಿಪಾಕ ಎಂದು ವೈದ್ಯರು ಮೂಲಿಕೆಯನ್ನು ವಿವರಿಸುವಾಗ ಉಷ್ಣವೀರ್ಯ, ಶೀತವೀರ್ಯ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮನುಷ್ಯನಿಗೂ ಮೂಲಿಕೆಗೂ ಒಂದೇ ಪದ ಸಲ್ಲುವುದು ನಮಗೆ ವಿಚಿತ್ರವೆನಿಸದು, ಆದ್ದರಿಂದ ಬಿಲ್ಲಿಗೂ ಮೋಸೆಸನಿಗೂ ಒಂದೇ ವಿರ್ತೂ ಇರುವುದನ್ನು ನಾವು ಇಂಗ್ಲಿಷಿನವರಿಗಿಂತ ಬೇಗ ಒಪ್ಪಿಕೊಳ್ಳುತ್ತೇವೆ. ‘ಗುಣ’ ಎಂಬ ಪದವನ್ನೂ ನೋಡಿ: ಔಷಧ ಗುಣಕಾರಿ, ಮನುಷ್ಯ ಗುಣವಂತ, ಕಾಯಿಲೆ ಗುಣವಾಯಿತು. ಶಕ್ತಿಯೂ ಸಜ್ಜನಿಕೆಯೂ ಒಂದೇ ಪದದಲ್ಲಿ ಸೇರಿರುವ ಅನುಭವ ನಮ್ಮ ನಾಲಿಗೆಗೆ ಹೊಸದಲ್ಲ. ಮ್ಯಾನ್ಸ್‌ಫೀಲ್ಡ್ ಅವರ ಪುಟದಲ್ಲಿ ವರ್ಚ್ಯೂ ಎಂದು ಕಂಡಾಗಲೆಲ್ಲ ಮನಸ್ಸಿನಲ್ಲಿ ಸದ್ಗುಣ ಎಂದುಕೊಳ್ಳದೆ ಬರಿಯ ಗುಣ ಎಂದೋ, ಕಸುವು ಎಂದೋ ಓದಿಕೊಂಡು ಹೋಗಿ, ಎಲ್ಲಿ ಅದು ಸದ್ಗುಣದ ಕಡೆಗೆ ವಾಲುತ್ತದೆ ಎಂದು ಗಮನಿಸಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ‘ಪೌರುಷ’ ಎಂಬ ಪದ ವ್ಯುತ್ಪತ್ತಿಯಲ್ಲಿ ವಿರ್ತುಸ್‌ಗೆ ಬಲು ಹತ್ತಿರದ್ದಾದರೂ ಅದನ್ನು ನಾನು ಸೂಚಿಸುವುದಿಲ್ಲ. ಬಿಲ್ಲಿಗೆ ಪೌರುಷವಿಲ್ಲ, ಓಬವ್ವನಿಗೆ ಆ ಪದ ಬೇಕಾಗಿಯೂ ಇಲ್ಲ.

ಕೇಂಬ್ರಿಜ್ ಆವೃತ್ತಿಗೆ ಬಂದರೆ, ಪರೀಕ್ಷೆಯ ದೃಷ್ಟಿಯಿಂದ ಅತ್ಯಂತ ಉಪಯುಕ್ತವಾದದ್ದು ಅದೇ. ಪ್ರೈಸ್ ಅವರ ಅನುವಾದ ‘ಎಬಿಲಿಟಿ’ಯಂಥ ಪದಗಳ ಕಡೆಗೆ ಒಲಿದಿರುವುದರಿಂದ ಪುನರುಕ್ತಿಯ ಹೊಡೆತ ಅಷ್ಟಾಗಿ ಸಿಗುವುದಿಲ್ಲ. ಆದರೆ ಮೆಕಿಯಾವೆಲ್ಲಿಯ ಪದಸಂಪತ್ತಿನ ಬಗ್ಗೆಯೇ ಮೀಸಲಾದ ಅನುಬಂಧವೊಂದು ಇದರಲ್ಲಿದ್ದು, ವಿರ್ತೂ, ಫೋರ್ತೂನಾ (ಅದೃಷ್ಟ) ಮೊದಲಾದ ಪದಗಳ ಬೇರೆ ಬೇರೆ ಅರ್ಥಗಳನ್ನು ಬಿಡಿಸಿ ವಿವರಿಸುತ್ತದೆ. ಪಠ್ಯದಲ್ಲಿ ಸರಾಗತೆ, ಅನುಬಂಧದಲ್ಲಿ ಲೆಕ್ಕಪತ್ರ ಎಂಬ ಈ ವ್ಯವಸ್ಥೆ ಪ್ರಾಮಾಣಿಕವಾದದ್ದು. ಸ್ಕಿನ್ನರ್ ಅವರ ಪ್ರಸ್ತಾವನೆ ರೋಮನ್ ನೀತಿಚಿಂತನೆಯ ಹಿನ್ನೆಲೆಯಲ್ಲಿ ಮೆಕಿಯಾವೆಲ್ಲಿಯನ್ನು ನಿಲ್ಲಿಸುತ್ತದೆ. ಸಿಸೆರೊ ತನ್ನ ಕರ್ತವ್ಯ ಕುರಿತ ಗ್ರಂಥದಲ್ಲಿ, ಬಲಾತ್ಕಾರ ಸಿಂಹದ ರೀತಿ, ಮೋಸ ನರಿಯ ರೀತಿ, ಎರಡೂ ಮನುಷ್ಯನಿಗೆ ತಕ್ಕುದಲ್ಲ ಎಂದಿದ್ದ. ‘ದಿ ಪ್ರಿನ್ಸ್’ನ ಹದಿನೆಂಟನೆಯ ಅಧ್ಯಾಯ ಅದನ್ನು ತಿರುಗಿಸಿ, ಅರಸ ಸಿಂಹವೂ ನರಿಯೂ ಆಗಬೇಕು ಎನ್ನುತ್ತದೆ. ಸಿಸೆರೊನ ವಿರ್ತುಸ್ ಅನ್ನು ಕೈಗೆತ್ತಿಕೊಂಡು ಅವನಿಗೇ ಎದುರಾಗಿ ನಿಲ್ಲಿಸುವ ಈ ಬಗೆ ತಿಳಿದವನು ಪರೀಕ್ಷೆಯಲ್ಲಿ ‘ಮೆಕಿಯಾವೆಲ್ಲಿ ಅನೀತಿಯ ಪ್ರತಿಪಾದಕ’ ಎಂಬ ಸವಕಲು ವಾಕ್ಯವನ್ನು ಬರೆಯಲಾರ.

ವಿರ್ತೂ ಪದವನ್ನು ಅನುವಾದಿಸದೆ ಇಟಾಲಿಯನ್ ರೂಪದಲ್ಲಿಯೇ ಇಟ್ಟುಬಿಡುವುದು ಮೇಲಲ್ಲವೇ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದ್ದರು. ವಿದ್ವತ್ಪ್ರಬಂಧಗಳಲ್ಲಿ ಹಾಗೆ ಮಾಡುವುದು ರೂಢಿಯೇ ಆಗಿದೆ, ನಾನೂ ಈ ಬರಹದಲ್ಲಿ ಹಾಗೆಯೇ ಮಾಡಿದ್ದೇನೆ. ಆದರೆ ಇಡೀ ಪುಸ್ತಕದಲ್ಲಿ ಹಾಗೆ ಮಾಡಿದರೆ ಅದೊಂದು ಪಾರಿಭಾಷಿಕ ಪದದ ಗತ್ತನ್ನು ಪಡೆದುಕೊಳ್ಳುತ್ತದೆ. ಮೂಲದಲ್ಲಿ ಅದ್ಯಾವ ಪಾರಿಭಾಷಿಕ ಪದವೂ ಅಲ್ಲ. ಫ್ಲಾರೆನ್ಸಿನ ಬೀದಿಯಲ್ಲಿಯೂ ಚರ್ಚಿನ ಪ್ರವಚನದಲ್ಲಿಯೂ ದಿನನಿತ್ಯ ಕಿವಿಗೆ ಬೀಳುತ್ತಿದ್ದ ಮಾತು ಅದು. ಕೇಳುವವನಿಗೆ ತೀರ ಪರಿಚಿತವಾದ ಮಾತನ್ನೇ ಹಿಡಿದು ಅವನ ಕಾಲ ಕೆಳಗಿನ ನೆಲವನ್ನು ಸರಿಸುವುದು ಮೆಕಿಯಾವೆಲ್ಲಿಯ ಉದ್ದೇಶವಾಗಿದ್ದಾಗ, ಓದುಗನಿಗೆ ಅಪರಿಚಿತವಾದ ಪದವನ್ನು ಕೊಟ್ಟರೆ ಆ ಅನುಭವ ಆಗುವುದಿಲ್ಲ. ಈ ಕಾರಣಕ್ಕೂ ಮ್ಯಾನ್ಸ್‌ಫೀಲ್ಡ್ ಅವರ ‘ವರ್ಚ್ಯೂ’ ನನಗೆ ಹೆಚ್ಚು ಒಪ್ಪಿಗೆ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಒಂದೇ ಪ್ರತಿಗೆ ಹಣ ಹೂಡಲು ಸಾಧ್ಯವಿದ್ದು, ಪುಸ್ತಕವನ್ನು ನಿಧಾನವಾಗಿ ಓದುವ ಮನಸ್ಸಿದ್ದರೆ ಮ್ಯಾನ್ಸ್‌ಫೀಲ್ಡ್ ಅವರದನ್ನೇ ಕೊಳ್ಳಿ; ಹೊರದೇಶದ ವಿಶ್ವವಿದ್ಯಾಲಯದ ಪ್ರಕಟಣೆಯಾದ್ದರಿಂದ ನಮ್ಮೂರಿನ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಿಕೊಳ್ಳಬೇಕಾಗಬಹುದು. ಪರೀಕ್ಷೆ ಹತ್ತಿರವಿರುವವರು ಕೇಂಬ್ರಿಜ್ ಆವೃತ್ತಿಯನ್ನು ಗ್ರಂಥಾಲಯದಿಂದ ಪಡೆದು, ಪ್ರಸ್ತಾವನೆಯನ್ನೂ ಪದಗಳ ಅನುಬಂಧವನ್ನೂ ಮೊದಲು ಓದಿ ಟಿಪ್ಪಣಿ ಮಾಡಿಕೊಳ್ಳಲಿ. ಹಣ ಖರ್ಚು ಮಾಡಲಾಗದವರು ಮ್ಯಾರಿಯಟ್ ಅವರ ಉಚಿತ ಪ್ರತಿಯನ್ನು ಇಳಿಸಿಕೊಳ್ಳಲಿ. ಇಟಾಲಿಯನ್ ಮೂಲವೂ ಅಂತರಜಾಲದಲ್ಲಿ ಉಚಿತವಾಗಿದೆ. ಇಟಾಲಿಯನ್ ಬಾರದಿದ್ದರೂ ಎಂಟನೆಯ ಅಧ್ಯಾಯವನ್ನು ಅದರ ಪಕ್ಕದಲ್ಲಿ ತೆರೆದು, ವಿರ್ತೂ ಎಂಬ ಪದ ಕಂಡ ಕಡೆಯಲ್ಲೆಲ್ಲ ಇಂಗ್ಲಿಷ್ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋಗುವುದು ಯಾರಿಗಾದರೂ ಸಾಧ್ಯ. ಒಂದು ಸಂಜೆಯ ಕೆಲಸ ಅದು. ಅದನ್ನು ಮುಗಿಸಿದವರು ಹದಿನೈದನೆಯ ಅಧ್ಯಾಯಕ್ಕೂ ಇಪ್ಪತ್ತೈದನೆಯದಕ್ಕೂ ಅದೇ ರೀತಿ ಗೆರೆ ಎಳೆಯಲಿ.